ತಕ್ಕಡಿ ಕಾಣದ ವ್ಯಾಪಾರ

ಮೊಬೈಲ್ ಬರುವುದಕ್ಕೆ ಮುಂಚೆ ನಮ್ಮ ಬಡವರಿಗೆ ಫೋನ್ ಎಂದರೆ ಎಸ್‌ಟಿಡಿ ಬೂತ್. ತುಮಕೂರಿನ ಬಸ್ ನಿಲ್ದಾಣದ ಆಸುಪಾಸಿನಲ್ಲಿ, ಬಿ.ಎಚ್. ರಸ್ತೆಯ ಅಂಗಡಿ ಸಾಲಿನಲ್ಲಿ, ಮಂಡಿಪೇಟೆಯ ತಿರುವಿನಲ್ಲಿ ಹಳದಿ ಬೋರ್ಡಿನ ಆ ಗಾಜಿನ ಗೂಡುಗಳು ಇರುತ್ತಿದ್ದವು. ತುಮಕೂರಿಗೆ 0816, ಗುಬ್ಬಿಗೆ 08131, ಕುಣಿಗಲ್ಲಿಗೆ 08132 ಎಂದು ಕೋಡ್‌ಗಳನ್ನು ಗೋಡೆಗೆ ಅಂಟಿಸಿರುತ್ತಿದ್ದರು. ಆಚೆಯವರು ರಿಸೀವರ್ ಎತ್ತಿದ ಕ್ಷಣದಿಂದ ಕಣ್ಣೆದುರಿನ ಪೆಟ್ಟಿಗೆಯಲ್ಲಿ ಕೆಂಪು ಅಂಕಿಗಳು ಏರತೊಡಗುತ್ತಿದ್ದವು. ಜೇಬಿನಲ್ಲಿ ಹತ್ತೇ ರೂಪಾಯಿ ಇಟ್ಟುಕೊಂಡು ಬಂದವನು ಅಂಕಿ ಒಂಬತ್ತರ ಹತ್ತಿರ ಬಂದೊಡನೆ "ಇಡ್ತೀನಮ್ಮಾ" ಎಂದು ಮಾತು ಮುಗಿಸುತ್ತಿದ್ದ. ಕೊನೆಗೆ ಒಂದು ಚೀಟಿ ಹೊರಬರುತ್ತಿತ್ತು. ಯಾವ ನಂಬರು, ಎಷ್ಟು ಹೊತ್ತು, ಎಷ್ಟು ಹಣ, ಎಲ್ಲವೂ ಅದರಲ್ಲಿ. ದರ ದುಬಾರಿಯಾಗಿತ್ತು ನಿಜ. ಸರತಿಯಲ್ಲಿ ನಿಲ್ಲಬೇಕಿತ್ತು, ದರ ಇಳಿಯಲೆಂದು ರಾತ್ರಿಯವರೆಗೆ ಕಾಯಬೇಕಿತ್ತು. ಆದರೆ ಕೊಡುವವನಿಗೆ ತಾನು ಕೊಡುತ್ತಿರುವುದು ಎಷ್ಟು ಎಂಬುದು ಕೊಡುವ ಮುಂಚೆಯೇ ಗೊತ್ತಿರುತ್ತಿತ್ತು.

ಮೊಬೈಲ್ ಕಂಪನಿಗಳು ನಮ್ಮಿಂದ ಕಿತ್ತುಕೊಂಡದ್ದು ಈ ಗೊತ್ತಿರುವಿಕೆಯನ್ನು. ಕರೆಯ ದರ ಇಳಿಯಿತು, ಫೋನ್ ಕೈಗೆ ಬಂತು, ಸರತಿ ಮಾಯವಾಯಿತು. ಜೊತೆಗೆ ಆ ಕೆಂಪು ಅಂಕಿಯೂ ಮಾಯವಾಯಿತು. ಈಗ ಮೊದಲು ಹಣ ಕೊಡಬೇಕು. ಆಮೇಲೆ ಅದು ಹೇಗೆ ಕರಗಿತು ಎಂದು ಕೇಳಬೇಕು. ಕೇಳುವುದಕ್ಕೂ "ಇಂಗ್ಲಿಷಿಗಾಗಿ ಒಂದನ್ನು ಒತ್ತಿ, ಹಿಂದಿಗಾಗಿ ಎರಡನ್ನು ಒತ್ತಿ" ಎಂಬ ಸಹನೆಯ ಪರೀಕ್ಷೆ ಪಾಸಾಗಬೇಕು. ಕೊಟ್ಟವನು ಕೋಡಂಗಿ, ಈಸ್ಕೊಂಡವನು ಈರಭದ್ರ ಎಂಬ ಗಾದೆ ಹುಟ್ಟಿದಾಗ ಮೊಬೈಲ್ ಇರಲಿಲ್ಲ. ಆದರೆ ಇದಕ್ಕಿಂತ ಒಪ್ಪುವ ಸಂದರ್ಭ ಆ ಗಾದೆಗೆ ಮುಂದೆಂದೂ ಸಿಗಲಾರದು.

ಗುಬ್ಬಿಯ ಸಂತೆಯಲ್ಲಿ ಟೊಮೆಟೊ ಮಾರುವ ಹೆಂಗಸಿನ ತಕ್ಕಡಿಗೂ ಬಟ್ಟಿಗೂ ಸರ್ಕಾರದ ಮುದ್ರೆ ಇರಬೇಕು. ಇಲ್ಲದಿದ್ದರೆ ಅಳತೆ ಮತ್ತು ತೂಕ ಇಲಾಖೆಯವರು ಬಂದು ದಂಡ ಹಾಕುತ್ತಾರೆ. ಮಂಡಿಯಲ್ಲಿ ರೈತನ ಚೀಲದಿಂದ ಕಿಲೋ ಎರಡು ಕಿಲೋ ಸುಮ್ಮನೆ ಕಳೆದರೆ ರೈತ ಸಂಘದವರು ಗಲಾಟೆ ಎಬ್ಬಿಸುತ್ತಾರೆ, ಎಬ್ಬಿಸಲೇಬೇಕು. ಕೋಟ್ಯಂತರ ಜನರ ಜೇಬಿಗೆ ಕೈಹಾಕುವ ಮೊಬೈಲ್ ಕಂಪನಿಯ ಲೆಕ್ಕದ ಯಂತ್ರವನ್ನು ನೋಡುವವರು ಯಾರು? ನಿಯಮ ಇಲ್ಲವೆಂದಲ್ಲ. ಬಿಲ್ಲಿನ ಲೆಕ್ಕ ಸರಿಯಿದೆಯೇ ಎಂದು ತಪಾಸಣೆ ಮಾಡಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2006ರಲ್ಲೇ ನಿಯಮ ಮಾಡಿತು. ಟ್ರಾಯ್ ಕೊಟ್ಟ ಪಟ್ಟಿಯಿಂದ ಲೆಕ್ಕಪರಿಶೋಧಕರನ್ನು ಆರಿಸಿಕೊಳ್ಳುವುದು ಮಾತ್ರ ಕಂಪನಿಯೇ. ಟೊಮೆಟೊ ಮಾರುವ ಹೆಂಗಸಿಗೆ ತನ್ನ ತಕ್ಕಡಿಯ ಇನ್‌ಸ್ಪೆಕ್ಟರನ್ನು ತಾನೇ ಆರಿಸಿಕೊಳ್ಳುವ ಸೌಲಭ್ಯವನ್ನು ಯಾವ ಸರ್ಕಾರವೂ ಈವರೆಗೆ ಕೊಟ್ಟಿಲ್ಲ.

ಈ ವ್ಯಾಪಾರದ ಹುಟ್ಟುಗುಣವನ್ನು ಒಮ್ಮೆ ನೋಡಿ. ದೇಶದ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಕಲ್ಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ದಿಲ್ಲಿಯಲ್ಲಿದ್ದ ಕೇಂದ್ರ ಮಂತ್ರಿ ಸುಖರಾಂ ಅವರೊಡನೆ ಮಾತಾಡಿದರು. (ಆ ಮಂತ್ರಿಗಳು ಮುಂದೆ ಇದೇ ಇಲಾಖೆಯ ಲಂಚದ ಪ್ರಕರಣದಲ್ಲಿ ಶಿಕ್ಷೆಗೊಳಗಾದದ್ದು ಬೇರೆ ಮಾತು.) ಆಗ ನಿಮಿಷಕ್ಕೆ 16 ರೂಪಾಯಿ 80 ಪೈಸೆಯವರೆಗೆ ದರ. ನೀವು ಕರೆ ಮಾಡಿದರೆ ಹಣ, ನಿಮಗೆ ಬೇರೆಯವರು ಕರೆ ಮಾಡಿದರೂ ಹಣ. ಮನೆ ಬಾಗಿಲಿಗೆ ಬಂದ ಪತ್ರ ಪಡೆಯಲು ಅಂಚೆಯವನಿಗೆ ಕಾಸು ಕೊಟ್ಟಂತೆ. ಒಳಬರುವ ಕರೆಗೆ ಹಣ ತೆರುವ ಈ ಪದ್ಧತಿ ತೊಲಗಿದ್ದು 2003ರ ಮೇ ತಿಂಗಳಲ್ಲಿ. ತುಮಕೂರಿನ ಆಟೋದವನ ಜೇಬಿಗೂ, ಕುಣಿಗಲ್ಲಿನ ಕೋಳಿ ಅಂಗಡಿಗೂ ಮೊಬೈಲ್ ಬಂದದ್ದು ಅದರ ಆಚೆಗೇ.

ಹೀಗೆ ಬಂದ ಹೊಸ ಗಿರಾಕಿ ತಿಂಗಳಿಗೆ ಐವತ್ತು ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವವನಲ್ಲ. ಮಿಸ್ಡ್ ಕಾಲ್ ಕೊಟ್ಟು ಬದುಕುವವನು. ಒಂದು ರಿಂಗ್ ಆದರೆ "ಹೊರಟೆ", ಎರಡು ರಿಂಗ್ ಆದರೆ "ಬಂದೆ" ಎಂದು ಕಾಸಿಲ್ಲದ ಭಾಷೆಯೊಂದನ್ನೇ ನಮ್ಮ ಜನ ಕಟ್ಟಿಕೊಂಡಿದ್ದರು. ಇಂಥವನಿಂದ ಹೆಚ್ಚು ಹಣ ಎತ್ತುವುದು ಹೇಗೆ? ಕೇಳಿದರೆ ಕೊಡುವುದಿಲ್ಲ. ಆದ್ದರಿಂದ ಕೇಳದೆ ತೆಗೆದುಕೊಳ್ಳುವ ದಾರಿಯನ್ನು ಕಂಡುಕೊಂಡರು. ಅದಕ್ಕೆ ಇಟ್ಟ ಹೆಸರು ಮೌಲ್ಯವರ್ಧಿತ ಸೇವೆ. ಯಾರ ಮೌಲ್ಯ ವರ್ಧಿಸಿತು ಎಂದು ಬಿಡಿಸಿ ಹೇಳಬೇಕಿಲ್ಲ.

ಆ ಕಾಲವನ್ನು ಕಂಡವರಿಗೆ ನೆನಪಿರುತ್ತದೆ. ಯಾರಿಗೋ ಕರೆ ಮಾಡಿದಿರಿ. ರಿಂಗಿನ ಬದಲು ಸಿನಿಮಾ ಹಾಡು. "ಈ ಹಾಡು ನಿಮಗೂ ಬೇಕಿದ್ದರೆ ಸ್ಟಾರ್ ಒತ್ತಿ" ಎಂದು ಒಂದು ದನಿ. ಕೈತಪ್ಪಿ ಒತ್ತಿದರೆ, ಮಡಿಲಲ್ಲಿದ್ದ ಮಗು ಒತ್ತಿದರೆ, ತಿಂಗಳಿಗೆ ಮೂವತ್ತು ರೂಪಾಯಿ ಹೋಯಿತು. ಕ್ರಿಕೆಟ್ ಸ್ಕೋರು, ರಾಶಿಫಲ, ನಗೆಹನಿ, ಹುಡುಗ ಹುಡುಗಿಯರಿಗೆ ಪ್ರೇಮ ಸಲಹೆ ಎಂದು ಬೇಡದ ಸೇವೆಗಳು ಬೇಡದ ನೆಂಟರಂತೆ ಬಂದು ಕೂರುತ್ತಿದ್ದವು. ನೆಂಟರಾದರೂ ನಾಲ್ಕು ದಿನಕ್ಕೆ ಹೊರಡುತ್ತಾರೆ. ಇವು ತಿಂಗಳು ತಿಂಗಳು ತಾವೇ ನವೀಕರಣಗೊಳ್ಳುತ್ತಿದ್ದವು. ಐವತ್ತು ರೂಪಾಯಿ ಹಾಕಿಸಿದವನು ಮಾರನೆಯ ದಿನ ನೋಡಿದರೆ ಇಪ್ಪತ್ತು ಉಳಿದಿರುತ್ತಿತ್ತು. ರೀಚಾರ್ಜ್ ಮಾಡಿಕೊಟ್ಟ ಹುಡುಗನೊಂದಿಗೆ ಜಗಳ. ಪಾಪ, ಆ ಹುಡುಗನಿಗೆ ಇದರಲ್ಲಿ ಸಿಗುವುದು ಪುಡಿ ಕಮಿಷನ್ನು. ಬೈಗುಳ ಮಾತ್ರ ಪೂರ್ತಿ ಅವನದೇ.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. "ನಿಮ್ಮ ಖಾತೆಯಿಂದ ಇಷ್ಟು ಕಡಿತವಾಗಿದೆ, ಬೇಡವಾದರೆ ಇಂಥ ನಂಬರಿಗೆ ಹೀಗೆ ಬರೆದು ಕಳಿಸಿ" ಎಂಬ ಸಂದೇಶ ಬರುತ್ತಿತ್ತು. ಬರುತ್ತಿದ್ದುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಅಗರಬತ್ತಿ ಹೊಸೆಯುವ, ಬೀಡಿ ಕಟ್ಟುವ ಹೆಂಗಸಿಗೆ, ಕನ್ನಡವೋ ಉರ್ದುವೋ ಕೂಡಿಸಿ ಓದುವ ಮುದುಕನಿಗೆ ಇಂಗ್ಲಿಷಿನಲ್ಲಿ ಎಚ್ಚರಿಕೆ ಕೊಟ್ಟರೆ ಅದು ಎಚ್ಚರಿಕೆಯೇ? ಜಾಹೀರಾತು ಮಾಡುವಾಗ ಇದೇ ಕಂಪನಿಗಳಿಗೆ ಚೆನ್ನಾಗಿ ಕನ್ನಡ ಬರುತ್ತದೆ. ಹಾಡು ಮಾರುವ ಧ್ವನಿಮುದ್ರಿಕೆ ಅಚ್ಚ ಕನ್ನಡದಲ್ಲಿ "ಗೆಳೆಯರೇ" ಎನ್ನುತ್ತದೆ. ಕಾಸು ಕಡಿದುಕೊಂಡ ಲೆಕ್ಕ ಕೊಡುವಾಗ ಮಾತ್ರ ಕನ್ನಡ ಮರೆತುಹೋಗುತ್ತದೆ. ರಾಜ್ಯೋತ್ಸವದಂದು ಅಂಗಡಿ ಬೋರ್ಡುಗಳಲ್ಲಿ ಕನ್ನಡ ಹುಡುಕುವ ನಮ್ಮ ಸಂಘಟನೆಗಳು ಈ ಪುಟ್ಟ ಪರದೆಯ ಮೇಲಿನ ಇಂಗ್ಲಿಷನ್ನು ಎಂದಾದರೂ ಪ್ರಶ್ನಿಸಿವೆಯೇ? ಭಾಷೆ ಇಲ್ಲಿ ಬರೀ ಅಭಿಮಾನದ ಪ್ರಶ್ನೆಯಲ್ಲ. ಓದಲು ಬಾರದ ಭಾಷೆಯಲ್ಲಿ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ದೂರುಗಳು ರಾಶಿ ಬಿದ್ದ ಮೇಲೆ ಟ್ರಾಯ್ ಎಚ್ಚೆತ್ತಿತು. 2011ರ ಜುಲೈನಲ್ಲಿ ಒಂದು ಆದೇಶ. ಅದು ಸಾಲದೆಂದು 2013ರ ಜುಲೈನಲ್ಲಿ ಇನ್ನೊಂದು. ಗಿರಾಕಿ ಎರಡು ಸಲ ಒಪ್ಪಿದರೆ ಮಾತ್ರ ಸೇವೆ ಶುರುವಾಗಬೇಕು, ಬೇಡವೆಂದರೆ 155223 ಎಂಬ ಉಚಿತ ಸಂಖ್ಯೆಯಲ್ಲಿ ನಿಲ್ಲಿಸಲು ಅವಕಾಶವಿರಬೇಕು ಎಂದು ವಿಧಿಸಿತು. ಒಳ್ಳೆಯದೇ. ಆದರೆ ಅಷ್ಟರೊಳಗೆ ಕಳೆದ ವರ್ಷಗಳಲ್ಲಿ ಮೂವತ್ತು ಮೂವತ್ತಾಗಿ ಹೋದ ಹಣ? ಒಬ್ಬನಿಗೆ ಮೂವತ್ತು ರೂಪಾಯಿ ಒಂದು ಹೊತ್ತಿನ ತರಕಾರಿ. ಕೋಟಿ ಜನರಿಂದ ಮೂವತ್ತರಂತೆ ಬಂದರೆ ಅದು ತಿಂಗಳಿಗೆ ಮೂವತ್ತು ಕೋಟಿ. ಹನಿಗೂಡಿದರೆ ಹಳ್ಳ ಎಂಬುದು ಉಳಿತಾಯ ಮಾಡುವವರಿಗೆ ಹೇಳಿದ ಮಾತು ಎಂದುಕೊಂಡಿದ್ದೆವು.

ಟಿವಿಯವರೂ ಇದರಲ್ಲಿ ಪಾಲುದಾರರೇ. 2007ರಲ್ಲಿ ಸ್ಟಾರ್ ಪ್ಲಸ್‌ನ 'ಕೌನ್ ಬನೇಗಾ ಕರೋಡ್‌ಪತಿ'ಯಲ್ಲಿ ಮನೆಯಲ್ಲಿ ಕೂತ ವೀಕ್ಷಕರಿಗಾಗಿ ಒಂದು ಸ್ಪರ್ಧೆ ಇತ್ತು. ಉತ್ತರ ಕಳಿಸುವ ಪ್ರತಿ ಎಸ್ಸೆಮ್ಮೆಸ್ಸಿಗೆ 2 ರೂಪಾಯಿ 40 ಪೈಸೆ, ಮಾಮೂಲಿ ಸಂದೇಶದ ದರಕ್ಕಿಂತ ಎಷ್ಟೋ ಹೆಚ್ಚು. ಗ್ರಾಹಕ ಸಂಘಟನೆಯೊಂದು ದೂರು ಕೊಟ್ಟಾಗ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ, ಬಹುಮಾನದ ಹಣ ಬಂದದ್ದು ಇದೇ ಸಂದೇಶಗಳ ಗಳಿಕೆಯಿಂದ ಎಂದು ಭಾವಿಸಿ ಚಾನೆಲ್ಲಿಗೂ ಏರ್‌ಟೆಲ್ಲಿಗೂ ಒಂದು ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. ಸಾಕಷ್ಟು ಪುರಾವೆ ಇಲ್ಲವೆಂದು ಆ ಆದೇಶ 2019ರಲ್ಲಿ ರದ್ದಾಯಿತು. ನ್ಯಾಯಾಲಯದ ತೀರ್ಮಾನಕ್ಕೆ ತಲೆಬಾಗೋಣ. ಆದರೆ ಲೆಕ್ಕದ ಪುಸ್ತಕವೆಲ್ಲ ಕಂಪನಿಯ ಕಪಾಟಿನಲ್ಲಿರುವಾಗ ಗ್ರಾಹಕರು ಪುರಾವೆಯನ್ನು ಎಲ್ಲಿಂದ ತರಬೇಕು ಎಂಬ ಪ್ರಶ್ನೆ ಉಳಿಯುತ್ತದೆ.

ಈಗಲೂ ಹತ್ತು ರೂಪಾಯಿಯ ಟಾಪ್‌ಅಪ್ ಹಾಕಿಸಿ ನೋಡಿ. ನಿಮಗೆ ಸಿಗುವುದು 7 ರೂಪಾಯಿ 47 ಪೈಸೆ. ಶೇಕಡಾ 18ರ ಜಿಎಸ್‌ಟಿ ಕಳೆದರೆ 8 ರೂಪಾಯಿ 47 ಪೈಸೆ ಉಳಿಯಬೇಕು. ಇನ್ನೊಂದು ರೂಪಾಯಿ ಸಂಸ್ಕರಣಾ ಶುಲ್ಕ. ಏನನ್ನು ಸಂಸ್ಕರಿಸಿದರು? ನಿಮ್ಮ ಹತ್ತು ರೂಪಾಯಿ ತೆಗೆದುಕೊಂಡದ್ದಕ್ಕೆ ತಗುಲಿದ ಖರ್ಚಂತೆ. ಹಣ ತೆಗೆದುಕೊಳ್ಳುವ ಶ್ರಮಕ್ಕೆ ಕೂಲಿ ಕೇಳುವ ವ್ಯಾಪಾರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಇತ್ತೀಚೆಗೆ ಮೊಬೈಲಿನ ಪಾವತಿ ಆ್ಯಪ್‌ಗಳೂ ಇದೇ ದಾರಿ ಹಿಡಿದಿವೆ. ಮೊದಲು ಕ್ಯಾಶ್‌ಬ್ಯಾಕ್ ಕೊಟ್ಟು ಅಭ್ಯಾಸ ಹಿಡಿಸಿದವು, 2021ರಿಂದೀಚೆಗೆ ಒಂದೊಂದಾಗಿ ರೀಚಾರ್ಜಿಗೆ ಒಂದು, ಎರಡು, ಮೂರು ರೂಪಾಯಿಯ ಶುಲ್ಕ ಸೇರಿಸತೊಡಗಿದವು.

ಇವೆಲ್ಲ ಚಿಲ್ಲರೆ. ದೊಡ್ಡ ಮೋಸ 'ಲೈಫ್‌ಟೈಮ್' ಎಂಬುದು.

2005ರ ಕೊನೆ, 2006ರ ಮೊದಲು. ಕಂಪನಿಗಳೆಲ್ಲ ಪೈಪೋಟಿಗೆ ಬಿದ್ದು ಜಾಹೀರಾತು ಹಾಕಿದವು. 999 ರೂಪಾಯಿ ಕೊಡಿ, ಜೀವನಪೂರ್ತಿ ಒಳಬರುವ ಕರೆ ಪಡೆಯಿರಿ. ಜನ ಸಾಲ ಮಾಡಿಯೂ ಕೊಂಡರು. ಹೊಲದಲ್ಲಿರುವ ಅಪ್ಪನಿಗೆ, ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿದ್ದ ಮಗನಿಗೆ, ದಮ್ಮಾಮಿನಲ್ಲೋ ದುಬೈಯಲ್ಲೋ ಇರುವ ಗಂಡನ ಕರೆಗೆ ಕಾಯುವ ಹೆಂಡತಿಗೆ ಇದಕ್ಕಿಂತ ಬೇಕಾದದ್ದೇನಿತ್ತು? ತಮಗೆ ಕರೆ ಮಾಡುವ ಚೈತನ್ಯವಿಲ್ಲದಿದ್ದರೂ ಬೇರೆಯವರು ತಮ್ಮನ್ನು ಕರೆಯಬಹುದು ಎಂಬುದೇ ಒಂದು ಧೈರ್ಯ. ಅದನ್ನು ಅವರು 999 ರೂಪಾಯಿಗೆ ಕೊಂಡಿದ್ದರು.

ಆದರೆ ಯಾರ ಜೀವನ? ಈ ಪ್ರಶ್ನೆ ಆಗಲೇ ಎದ್ದಿತ್ತು. 2006ರಲ್ಲಿ ಟ್ರಾಯ್ ಕೊಟ್ಟ ವಿವರಣೆ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಲೈಫ್‌ಟೈಮ್ ಎಂದರೆ ಕಂಪನಿಯ ಪರವಾನಗಿ ಎಷ್ಟು ಕಾಲ ಇರುತ್ತದೆಯೋ ಅಷ್ಟು. ಆ ಪರವಾನಗಿ ಎಂದು ಮುಗಿಯುತ್ತದೆ ಎಂಬುದನ್ನು ಗಿರಾಕಿಗೆ ತಿಳಿಸಬೇಕು ಎಂದೂ ಹೇಳಿತು. ಹಾಗಾದರೆ ಜೀವನ ಗಿರಾಕಿಯದಲ್ಲ, ಪರವಾನಗಿಯದು. ಇದನ್ನು ಜಾಹೀರಾತಿನ ದೊಡ್ಡ ಅಕ್ಷರದಲ್ಲಿ ಓದಿದವರು ಯಾರಾದರೂ ಇದ್ದರೆ ಮುಂದೆ ಬರಲಿ.

2018ರ ನವೆಂಬರಿನಲ್ಲಿ ಮುಖವಾಡ ಕಳಚಿತು. ಅಷ್ಟರಲ್ಲಿ ಜಿಯೋ ಬಂದು ಎರಡು ವರ್ಷವಾಗಿತ್ತು. ಹಲವು ಕಂಪನಿಗಳು ಬಾಗಿಲು ಹಾಕಿದ್ದವು, ವೊಡಾಫೋನ್ ಮತ್ತು ಐಡಿಯಾ ಒಂದಾಗಿದ್ದವು. ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ, 28 ದಿನಕ್ಕೆ ಕನಿಷ್ಠ 35 ರೂಪಾಯಿ ಹಾಕಿಸದಿದ್ದರೆ ಮೊದಲು ಹೊರಹೋಗುವ ಕರೆ, ಆಮೇಲೆ ಒಳಬರುವ ಕರೆಯೂ ಬಂದ್ ಎಂದು ಸಂದೇಶ ಕಳಿಸತೊಡಗಿದವು. ಖಾತೆಯಲ್ಲಿ ಹಣ ಇದ್ದವರಿಗೂ ಇದೇ ಬೆದರಿಕೆ. ಖಾತೆಯಲ್ಲಿ ಸಾಕಷ್ಟು ಹಣವಿರುವವರ ಸಂಪರ್ಕ ಕೂಡಲೇ ಕಡಿಯಬೇಡಿ ಎಂದು ಟ್ರಾಯ್ ತಾಕೀತು ಮಾಡಿತು. ಕನಿಷ್ಠ ರೀಚಾರ್ಜ್ ಎಂಬ ಗೂಟ ಮಾತ್ರ ಅಲ್ಲೇ ನೆಟ್ಟು ನಿಂತಿತು. ಜೀವನಪೂರ್ತಿ ಎಂದು ಬರೆದುಕೊಟ್ಟವರು ಹನ್ನೆರಡು ಹದಿಮೂರು ವರ್ಷಕ್ಕೇ ಬಾಡಿಗೆ ಕೇಳಲು ನಿಂತರು.

ಆ ಗೂಟ ಹೇಗೆ ಬೆಳೆಯಿತು ನೋಡಿ. ನಮ್ಮ ಕರ್ನಾಟಕದಲ್ಲಿ ಏರ್‌ಟೆಲ್‌ನ ಕನಿಷ್ಠ ರೀಚಾರ್ಜ್ 35ರಿಂದ ಹೊರಟು 49 ಆಯಿತು. 2021ರ ಜುಲೈನಲ್ಲಿ 79, ಅದೇ ನವೆಂಬರಿನಲ್ಲಿ 99. 2023ರ ಜನವರಿಯಲ್ಲಿ 155, ಅದೂ ಕೇವಲ 24 ದಿನಕ್ಕೆ. 2024ರ ಜುಲೈನಲ್ಲಿ ಮೂರೂ ಖಾಸಗಿ ಕಂಪನಿಗಳು ಒಂದೇ ವಾರದಲ್ಲಿ ದರ ಏರಿಸಿದಾಗ ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾದಲ್ಲಿ 28 ದಿನಕ್ಕೆ 199, ಜಿಯೋದಲ್ಲಿ 189. ಆರು ವರ್ಷ ತುಂಬುವುದರೊಳಗೆ ಐದು ಪಟ್ಟಿಗೂ ಹೆಚ್ಚು. ಯಾವ ರೇಷನ್ ಅಕ್ಕಿ, ಯಾವ ಬಸ್ ಚಾರ್ಜು ಹೀಗೆ ಏರಿದ್ದರೆ ಜನ ಬೀದಿಗೆ ಬರುತ್ತಿರಲಿಲ್ಲ?

28 ದಿನದ ಲೆಕ್ಕವೂ ಒಂದು ಕೈಚಳಕ. ನಮಗೆ ಸಂಬಳ, ಬಾಡಿಗೆ, ಪಿಂಚಣಿ ಎಲ್ಲವೂ ತಿಂಗಳಿಗೊಮ್ಮೆ, ವರ್ಷಕ್ಕೆ ಹನ್ನೆರಡು. ಕಂಪನಿಗೆ ವರ್ಷಕ್ಕೆ ಹದಿಮೂರು ತಿಂಗಳು. 199ರಂತೆ ಹದಿಮೂರು ಸಲ ಎಂದರೆ 2,587 ರೂಪಾಯಿ, ಹನ್ನೆರಡು ಸಲಕ್ಕಿಂತ 199 ಹೆಚ್ಚು. 30 ದಿನದ ಮತ್ತು ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸಬಹುದಾದ ಪ್ಲಾನ್‌ಗಳು ಕನಿಷ್ಠ ಒಂದೊಂದಾದರೂ ಇರಲೇಬೇಕೆಂದು 2022ರ ಜನವರಿಯಲ್ಲಿ ಟ್ರಾಯ್ ಆದೇಶಿಸಿತು. ಕಂಪನಿಗಳು ಒಂದೊಂದನ್ನು ಇಟ್ಟವು, ಪಟ್ಟಿಯ ಯಾವುದೋ ಮೂಲೆಯಲ್ಲಿ. ರೀಚಾರ್ಜ್ ಅಂಗಡಿಗೆ ಹೋಗಿ ಕೇಳಿ ನೋಡಿ, ಅದರ ಹೆಸರು ಹೇಳುವವರು ಅಪರೂಪ. ಅಲ್ಲಿ ನಡೆಯುವ ಸಂಭಾಷಣೆ ಹೀಗಿರುತ್ತದೆ.

"ಏನಪ್ಪಾ, ಮೊನ್ನೆ ತಾನೆ ಹಾಕಿಸಿದ್ನಲ್ಲಾ?"

"ಮೊನ್ನೆ ಅಲ್ಲ ಖಾಲಾ, ಇಪ್ಪತ್ತೆಂಟು ದಿನ ಆಯ್ತು."

"ನಾನು ಯಾರಿಗೂ ಫೋನೇ ಮಾಡಿಲ್ಲವಲ್ಲೋ."

"ಮಾಡಿದ್ರೂ ಅಷ್ಟೇ, ಬಿಟ್ರೂ ಅಷ್ಟೇ ಖಾಲಾ."

ಆ ಹುಡುಗ ಒಂದು ಸಾಲಿನಲ್ಲಿ ಇಡೀ ವ್ಯವಸ್ಥೆಯನ್ನು ವಿವರಿಸಿಬಿಟ್ಟ. ಹಿಂದೆ ಬಳಸಿದಷ್ಟಕ್ಕೆ ಹಣ. ಈಗ ಬಳಸಿದರೂ ಬಿಟ್ಟರೂ ಹಣ. ಮೂರು ಗಂಟೆ ಸಿನಿಮಾ ನೋಡುವ ಯುವಕನೂ, ವಾರಕ್ಕೊಮ್ಮೆ ಮಗಳ ಕರೆ ಎತ್ತುವ ಮುದುಕಿಯೂ ಕಂಪನಿಯ ಕಣ್ಣಿಗೆ ಸಮಾನರು. ಸಮಾನತೆಯನ್ನು ಈ ದೇಶದಲ್ಲಿ ಇಷ್ಟು ಶ್ರದ್ಧೆಯಿಂದ ಪಾಲಿಸುವವರು ಇವರೊಬ್ಬರೇ ಇರಬೇಕು.

ಬೇಡವಾದರೆ ಬಿಡಿ, ಫೋನ್ ಇಟ್ಟುಕೊಳ್ಳಿ ಎಂದು ಯಾರು ಬಲವಂತ ಮಾಡಿದರು ಎನ್ನುವವರಿದ್ದಾರೆ. ಬಲವಂತ ಮಾಡಿದ್ದು ಸರ್ಕಾರವೇ ಸ್ವಾಮಿ. ಬ್ಯಾಂಕಿಗೆ ಮೊಬೈಲ್ ನಂಬರು ಬೇಕು. ಆಧಾರಿನ ತಿದ್ದುಪಡಿಗೆ ನಂಬರಿಗೆ ಬರುವ ಒಟಿಪಿ ಬೇಕು. ಗ್ಯಾಸ್ ಸಿಲಿಂಡರ್ ಮನೆಗೆ ಬಂದರೆ ಒಟಿಪಿ ಹೇಳಬೇಕು. ಗೃಹಲಕ್ಷ್ಮಿಯ ಎರಡು ಸಾವಿರ ಬಂತೋ ಇಲ್ಲವೋ ಎಂದು ತಿಳಿಯಲು ಸಂದೇಶ ನೋಡಬೇಕು. ಶಕ್ತಿ ಯೋಜನೆಯಿಂದ ಕುಣಿಗಲ್ಲಿನ ಹೆಂಗಸು ತುಮಕೂರಿನ ಆಸ್ಪತ್ರೆಗೆ ಬಸ್ಸಿನಲ್ಲಿ ಕಾಸಿಲ್ಲದೆ ಬರಬಹುದು. ಆದರೆ ಯಾವುದೇ ಕಚೇರಿಯ ಕಿಟಕಿಯಲ್ಲಿ "ಒಟಿಪಿ ಹೇಳಮ್ಮಾ" ಎಂದರೆ ಆ ನಾಲ್ಕಾರು ಅಂಕಿಗಾಗಿ 199 ಕಟ್ಟಿರಬೇಕು. 2021ರಲ್ಲಿ ನಮ್ಮ ರಾಜ್ಯದಲ್ಲಿ ವಿಧವಾ ವೇತನ 800 ರೂಪಾಯಿ ಆಯಿತು, ಸಂಧ್ಯಾ ಸುರಕ್ಷಾ 1,200 ಆಯಿತು. ಎಂಟುನೂರರಲ್ಲಿ 199 ಎಂದರೆ ಹತ್ತಿರ ಹತ್ತಿರ ಕಾಲು ಭಾಗ. ಒಂದು ಕೈಯಲ್ಲಿ ಸರ್ಕಾರ ಕೊಟ್ಟದ್ದರ ಕಾಲು ಭಾಗವನ್ನು, ಕೊಟ್ಟಿದೆ ಎಂಬ ಸುದ್ದಿ ತಿಳಿಸುವುದಕ್ಕಾಗಿ ಇನ್ನೊಂದು ಕೈ ಕಿತ್ತುಕೊಳ್ಳುತ್ತದೆ.

ರೀಚಾರ್ಜ್ ಮಾಡಿಸದೆ ಸುಮ್ಮನಿದ್ದರೆ? 90 ದಿನ ಬಳಕೆ ಇಲ್ಲದಿದ್ದರೆ ನಂಬರನ್ನೇ ತೆಗೆದುಹಾಕಲು ಅವಕಾಶವಿದೆ. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿದುಕೊಂಡು ಇನ್ನು 30 ದಿನ ನಂಬರನ್ನು ಉಳಿಸುತ್ತಾರೆ, ಅಷ್ಟೇ. ಆಮೇಲೆ ಅದೇ ನಂಬರು ಬೇರೆ ಯಾರಿಗೋ ಹೋಗುತ್ತದೆ. ಬ್ಯಾಂಕಿನ ಪುಸ್ತಕದಲ್ಲಿ, ಆಧಾರಿನಲ್ಲಿ, ರೇಷನ್ ಕಾರ್ಡಿನಲ್ಲಿ ಆ ಮುದುಕಿಯದೇ ಎಂದು ಬರೆದಿರುವ ನಂಬರು.

ಈ ಒಪ್ಪಿಗೆ ಇಲ್ಲದ ವ್ಯವಹಾರ ಎಲ್ಲಿಗೆ ಹೋಗಿ ಮುಟ್ಟಬಲ್ಲದು ಎಂಬುದಕ್ಕೆ 2017ರ ಒಂದು ಪ್ರಕರಣ ಸಾಕು. ಸಿಮ್‌ಗೆ ಆಧಾರ್ ಜೋಡಿಸಿ ಎಂದು ಜನರನ್ನು ಸರತಿ ನಿಲ್ಲಿಸಿದ್ದ ದಿನಗಳು. ಹೆಬ್ಬೆಟ್ಟು ಒತ್ತಿದ ಏರ್‌ಟೆಲ್ ಗ್ರಾಹಕರಲ್ಲಿ ಲಕ್ಷಾಂತರ ಮಂದಿಗೆ ಗೊತ್ತೇ ಇಲ್ಲದೆ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕಿನಲ್ಲಿ ಖಾತೆ ತೆರೆದಿತ್ತು. ಗ್ಯಾಸ್ ಸಬ್ಸಿಡಿ ಹಣ ಅವರ ಹಳೆಯ ಬ್ಯಾಂಕಿಗೆ ಹೋಗುವ ಬದಲು ಅಲ್ಲಿಗೆ ಹೋಗಿ ಬೀಳತೊಡಗಿತು. ಆಧಾರ್ ಪ್ರಾಧಿಕಾರ ಆ ಡಿಸೆಂಬರಿನಲ್ಲಿ ಕಂಪನಿಯ ಆಧಾರ್ ದೃಢೀಕರಣ ಪರವಾನಗಿಯನ್ನೇ ಅಮಾನತು ಮಾಡಿತು. ಸುಮಾರು 190 ಕೋಟಿ ರೂಪಾಯಿಯನ್ನು ಮೂಲ ಖಾತೆಗಳಿಗೆ ಮರಳಿಸಲು ಕಂಪನಿ ಒಪ್ಪಬೇಕಾಯಿತು. 2018ರ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕ್ ಆ ಪೇಮೆಂಟ್ಸ್ ಬ್ಯಾಂಕಿಗೆ 5 ಕೋಟಿ ದಂಡ ಹಾಕಿತು. ಹಾಡಿಗೆ ಸ್ಟಾರ್ ಒತ್ತಿಸಿದವರಿಂದ ಹೆಬ್ಬೆಟ್ಟು ಒತ್ತಿಸಿದವರವರೆಗೆ ದಾರಿ ಒಂದೇ. ಏನಕ್ಕೆ ಒಪ್ಪುತ್ತಿದ್ದೇನೆ ಎಂಬುದು ಒತ್ತಿದವನಿಗೆ ಗೊತ್ತಿರಬಾರದು.

ಕಂಪನಿಗಳ ವಾದವನ್ನೂ ಕೇಳೋಣ. ಜಗತ್ತಿನಲ್ಲೇ ಅಗ್ಗದ ಡೇಟಾ ಇಲ್ಲಿದೆ ಎನ್ನುತ್ತವೆ. ತರಂಗಾಂತರ ಕೊಳ್ಳಲು ಸಾವಿರಾರು ಕೋಟಿ ಸುರಿದಿದ್ದೇವೆ, 2019ರ ಅಕ್ಟೋಬರಿನ ಸುಪ್ರೀಂ ಕೋರ್ಟ್ ತೀರ್ಪಿನಿಂದ ಸರ್ಕಾರಕ್ಕೆ ಕಟ್ಟಬೇಕಾದ ಬಾಕಿ ಬೆಟ್ಟವಾಯಿತು, 5ಜಿ ಗೋಪುರಗಳಿಗೆ ದುಡ್ಡು ಎಲ್ಲಿಂದ ಬರಬೇಕು ಎನ್ನುತ್ತವೆ. ಇದರಲ್ಲಿ ಸುಳ್ಳಿಲ್ಲ. 35 ರೂಪಾಯಿಗೆ ಸಿಗುತ್ತಿದ್ದ ಮಾತು ಕೆಲವೇ ನಿಮಿಷದ್ದು, 199ಕ್ಕೆ ಎಷ್ಟು ಬೇಕಾದರೂ ಮಾತಾಡಬಹುದು ಎಂಬುದೂ ನಿಜ. ಆದರೆ ಡೇಟಾ ಅಗ್ಗವಾದದ್ದು ಡೇಟಾ ಬಳಸುವವರಿಗೆ. ಬಟನ್ ಫೋನ್ ಹಿಡಿದ ಮುದುಕಿಗೆ 5ಜಿ ಗೋಪುರದಿಂದ ಬಂದ ಲಾಭವೇನು? ಊಟಕ್ಕೆ ಬಂದವನಿಗೆ ಒಂದು ಇಡ್ಲಿ ಸಾಕು ಎಂದರೆ, ಇಲ್ಲ, ಬಾಳೆಯೆಲೆ ಊಟವನ್ನೇ ಮಾಡಬೇಕು, ನೋಡಿ ಎಷ್ಟು ಅಗ್ಗ ಎಂದು ಹೋಟೆಲಿನವನು ಜಗಳ ತೆಗೆದರೆ ಹೇಗೆ?

ಈ ಇಡ್ಲಿಯ ಪ್ರಶ್ನೆಯನ್ನು ಟ್ರಾಯ್ ಕೊನೆಗೂ ಎತ್ತಿತು. ಡೇಟಾ ಬೇಡದವರಿಗೆ ಬರೀ ಕರೆ ಮತ್ತು ಎಸ್ಸೆಮ್ಮೆಸ್ಸಿನ ಪ್ಲಾನ್ ಇರಬೇಕೇ ಎಂದು 2024ರ ಜುಲೈನಲ್ಲಿ ಸಮಾಲೋಚನಾ ಪತ್ರ ಹೊರಡಿಸಿತು. ಅದರ ಅಗತ್ಯವಿಲ್ಲ ಎಂದು ಕಂಪನಿಗಳು ಉತ್ತರ ಕೊಟ್ಟವು. ಆದರೂ ಡಿಸೆಂಬರ್ 23ರಂದು ನಿಯಮ ಬಂತು. 2025ರ ಜನವರಿಯಲ್ಲಿ ಏರ್‌ಟೆಲ್ ಏನು ಮಾಡಿತು ಗೊತ್ತೇ? 24 ಜಿಬಿ ಡೇಟಾ ಸಹಿತ ವರ್ಷಕ್ಕೆ 1,999 ಇದ್ದ ಪ್ಲಾನಿನಿಂದ ಡೇಟಾ ತೆಗೆದು 1,959 ಎಂದು ಬೆಲೆ ಇಟ್ಟಿತು. ವರ್ಷದ ಡೇಟಾದ ಬೆಲೆ ಬರೀ ನಲವತ್ತು ರೂಪಾಯಿ! ಪರಿಶೀಲಿಸುತ್ತೇವೆ ಎಂದು ಟ್ರಾಯ್ ಹೇಳಿದೊಡನೆ ಅದು 1,849ಕ್ಕೆ ಇಳಿಯಿತು. ಜಿಯೋ 1,748 ರೂಪಾಯಿಗೆ 336 ದಿನ ಕೊಟ್ಟಿತು. 336 ಎಂದರೆ 28ರ ಹನ್ನೆರಡು ಪಟ್ಟು. ಅದೂ ಅವರ ಪಂಚಾಂಗದ ಒಂದು ವರ್ಷ. 84 ದಿನಕ್ಕೆ ಒಬ್ಬರದು 469, ಇನ್ನೊಬ್ಬರದು 448. ಒಂದೇ ಸಲಕ್ಕೆ ನಾನೂರೈವತ್ತು ಎಣಿಸಿ ಕೊಡಬಲ್ಲವರು ಎಂಟುನೂರರ ಪಿಂಚಣಿಯವರಲ್ಲ. 28 ದಿನಕ್ಕೆ, 30 ದಿನಕ್ಕೆ ಬರೀ ಕರೆಯ ಅಗ್ಗದ ಪ್ಲಾನನ್ನು ಈ ಎರಡೂ ಕಂಪನಿಗಳು ಆಗ ತರಲಿಲ್ಲ. ನಿಯಮದ ಅಕ್ಷರ ಉಳಿಯಿತು, ಜೀವ ಹೋಯಿತು.

ದರ ನಿಗದಿ ಮಾಡುವುದು ಮಾರುಕಟ್ಟೆಗೆ ಬಿಟ್ಟದ್ದು, ತಾನು ಕೈಹಾಕುವುದಿಲ್ಲ ಎಂಬುದು ಟ್ರಾಯ್‌ನ ಬಹಳ ಕಾಲದ ನೀತಿ. ಹತ್ತು ಹನ್ನೆರಡು ಕಂಪನಿಗಳು ಕಿತ್ತಾಡುತ್ತಿದ್ದಾಗ ಅದು ಒಪ್ಪುವಂಥದ್ದೇ. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿನ ಲೆಕ್ಕ ತಂದಾಗ ನಿಮಿಷದ ಲೆಕ್ಕದಲ್ಲಿ ಸುಲಿಯುತ್ತಿದ್ದ ಉಳಿದವರೂ ಅನಿವಾರ್ಯವಾಗಿ ಬಗ್ಗಿದರು. ಅದು ಪೈಪೋಟಿ. ಈಗ ಡೊಕೊಮೊ ಇಲ್ಲ, ಏರ್‌ಸೆಲ್ ಇಲ್ಲ, ನಮ್ಮ ರಾಜ್ಯದಲ್ಲೇ ಮೊದಮೊದಲು ಸೇವೆ ಕೊಟ್ಟ ಸ್ಪೈಸ್ ಎಂದೋ ಐಡಿಯಾದಲ್ಲಿ ಕರಗಿತು, ಐಡಿಯಾ ವೊಡಾಫೋನಿನಲ್ಲಿ ಬೆರೆಯಿತು. ಮೂರು ಖಾಸಗಿ ಕಂಪನಿ, ಒಂದು ಬಿಎಸ್‌ಎನ್‌ಎಲ್. 2024ರ ಜುಲೈ ನಂತರ ಅಗ್ಗದ ದರಕ್ಕಾಗಿ ಜನ ಬಿಎಸ್‌ಎನ್‌ಎಲ್ ಕಡೆಗೆ ಓಡಿದರು. ಅದರ 4ಜಿ ಜಾಲವನ್ನು ಪ್ರಧಾನಿ ದೇಶಕ್ಕೆ ಸಮರ್ಪಿಸಿದ್ದು 2025ರ ಸೆಪ್ಟೆಂಬರಿನಲ್ಲಿ, ಖಾಸಗಿಯವರು 5ಜಿ ಕೊಟ್ಟು ಮೂರು ವರ್ಷವಾಗುತ್ತಿದ್ದಾಗ. ಸರ್ಕಾರಿ ಕುದುರೆಯ ಕಾಲು ಕಟ್ಟಿ ಓಟಕ್ಕೆ ಬಿಟ್ಟು, ನೋಡಿ ಅದು ಓಡುವುದೇ ಇಲ್ಲ ಎನ್ನುವುದು ನಮಗೆ ಹೊಸದಲ್ಲ. ಕುದುರೆಯ ಫಾರಂ ಇರುವ ಕುಣಿಗಲ್ಲಿನವರಿಗೆ ಇದನ್ನು ವಿವರಿಸಬೇಕಿಲ್ಲ.

ನ್ಯಾಯ ಕೇಳುವುದೆಲ್ಲಿ? ಟ್ರಾಯ್ ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ. ಮೊದಲು ಕಂಪನಿಯ ದೂರು ಕೇಂದ್ರ, ಆಮೇಲೆ ಕಂಪನಿಯೇ ನೇಮಿಸಿದ ಮೇಲ್ಮನವಿ ಪ್ರಾಧಿಕಾರ. ಕಳ್ಳತನದ ದೂರನ್ನು ಕಳ್ಳನ ಚಿಕ್ಕಪ್ಪನಿಗೆ ಕೊಟ್ಟಂತೆ ಎಂದು ಸಿಟ್ಟಿನಲ್ಲಿ ಹೇಳಬಹುದು. ಗ್ರಾಹಕ ನ್ಯಾಯಾಲಯದ ಬಾಗಿಲನ್ನೂ 2009ರಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪು ಮುಚ್ಚಿತ್ತು. 1885ರ ಟೆಲಿಗ್ರಾಫ್ ಕಾಯಿದೆಯಲ್ಲಿ ಬೇರೆ ವ್ಯವಸ್ಥೆ ಇದೆ, ಅಲ್ಲಿಗೆ ಹೋಗಿ ಎಂದಿತ್ತು. ಆ ಒಂದು ತೀರ್ಪಿನ ನೆರಳಿನಲ್ಲಿ ಕಂಪನಿಗಳು ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ನಿಶ್ಚಿಂತೆಯಿಂದಿದ್ದವು. 2022ರ ಫೆಬ್ರವರಿ 16ರಂದು, ವೊಡಾಫೋನ್ ಐಡಿಯಾ ಹೂಡಿದ್ದ ಮೇಲ್ಮನವಿಯಲ್ಲೇ, ದೂರಸಂಪರ್ಕ ಸೇವೆಯ ದೂರುಗಳನ್ನು ಗ್ರಾಹಕ ಆಯೋಗಗಳು ವಿಚಾರಿಸಬಹುದು ಎಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಈ ಸುದ್ದಿ ನಮ್ಮ ಪತ್ರಿಕೆಗಳ ಒಳಪುಟದಲ್ಲಿ ಕಳೆದುಹೋಯಿತು. ಹೊಸ ಪ್ಲಾನಿನ ಜಾಹೀರಾತು ಮಾತ್ರ ಮುಖಪುಟದಲ್ಲಿರುತ್ತದೆ.

ಆದ್ದರಿಂದ ಗುಬ್ಬಿ, ಕುಣಿಗಲ್ಲಿನ ಓದುಗರು ಇದನ್ನು ತಿಳಿದಿರಲಿ. ಕೇಳದೆ ಹಣ ಕಡಿತವಾದರೆ ಮೊದಲು 198ಕ್ಕೆ ಕರೆ ಮಾಡಿ ದೂರು ಕೊಡಿ, ಅವರು ಕೊಡುವ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಕಡಿತದ ಸಂದೇಶವನ್ನು ಅಳಿಸಬೇಡಿ. ಓದಲು ಬಾರದಿದ್ದರೆ ಮನೆಯ ಮಕ್ಕಳಿಗೆ ತೋರಿಸಿ. ಅಲ್ಲಿ ಬಗೆಹರಿಯದಿದ್ದರೆ ತುಮಕೂರಿನಲ್ಲಿ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ಐದು ಲಕ್ಷ ರೂಪಾಯಿಯೊಳಗಿನ ದೂರಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಮೂವತ್ತು ರೂಪಾಯಿಗಾಗಿ ಒಂದು ದಿನದ ಕೂಲಿ ಕಳೆದುಕೊಂಡು ತುಮಕೂರಿಗೆ ಯಾರು ಹೋಗುತ್ತಾರೆ ಎಂದು ಕೇಳುತ್ತೀರಿ. ಕಂಪನಿಯ ಧೈರ್ಯವೂ ಅದೇ. ಒಬ್ಬರೇ ಹೋಗುವುದು ಕಷ್ಟ. ಒಂದು ಬೀದಿಯ ಇಪ್ಪತ್ತು ಜನರ ಕಡಿತದ ಲೆಕ್ಕ ಒಂದೇ ಹಾಳೆಯ ಮೇಲೆ ಬಂದರೆ ಹೋಗಬಹುದು. ಒಂದೇ ಬಗೆಯ ದೂರಿರುವ ಹಲವರು ಒಟ್ಟಾಗಿ ಹೋಗಲು ಕಾನೂನಿನಲ್ಲಿ ಅವಕಾಶವೂ ಇದೆ. ಸ್ತ್ರೀಶಕ್ತಿ ಸಂಘಗಳು, ಮಸೀದಿ ಕಮಿಟಿಗಳು, ಆಟೋ ಚಾಲಕರ ಸಂಘಗಳು, ರೈತ ಸಂಘದ ಶಾಖೆಗಳು ಮಾಡಬಹುದಾದ ಕೆಲಸವಿದು. ನೋಂದಾಯಿತ ಗ್ರಾಹಕ ಸಂಘಟನೆಯೊಂದು ಜೊತೆಗಿದ್ದರೆ ಇನ್ನೂ ಸುಲಭ.

ಕೇಳಬೇಕಾದದ್ದೂ ಹೆಚ್ಚೇನಲ್ಲ. ಕಡಿತದ ಪ್ರತಿಯೊಂದು ಸಂದೇಶ ಗಿರಾಕಿ ಆರಿಸಿದ ಭಾಷೆಯಲ್ಲಿ ಬರಬೇಕು. ಒಳಬರುವ ಕರೆ ಮತ್ತು ಸಂದೇಶಕ್ಕಷ್ಟೇ, ತಿಂಗಳ ಲೆಕ್ಕದಲ್ಲಿ, ಪಿಂಚಣಿಯವರ ಕೈಗೆಟುಕುವ ಒಂದು ಪ್ಲಾನ್ ಇರಬೇಕು. ಸರ್ಕಾರಿ ಯೋಜನೆಗೆ ಮೊಬೈಲ್ ನಂಬರನ್ನು ಕಡ್ಡಾಯ ಮಾಡುವ ಇಲಾಖೆ, ಆ ನಂಬರು ಜೀವಂತವಿರಲು ತಗಲುವ ಖರ್ಚಿನ ಬಗ್ಗೆ ಉತ್ತರ ಕೊಡಬೇಕು. ಟ್ರಾಯ್ ಮುಂದಿನ ಸಮಾಲೋಚನಾ ಪತ್ರ ಹೊರಡಿಸಿದಾಗ ಯಾವ ನಾಗರಿಕ ಬೇಕಾದರೂ ಅದಕ್ಕೆ ಉತ್ತರ ಬರೆಯಬಹುದು. ಕಂಪನಿಗಳ ವಕೀಲರು ತಪ್ಪದೆ ಬರೆಯುತ್ತಾರೆ. ಟ್ರಾಯ್‌ನ ಪ್ರಾದೇಶಿಕ ಕಚೇರಿಯೊಂದು ಬೆಂಗಳೂರಿನಲ್ಲೇ ಇದೆ. ಅಲ್ಲಿಗೆ ಕನ್ನಡದಲ್ಲೇ ಬರೆಯೋಣ.